ಮನೆಯಲ್ಲಿ ಕಟ್ಟಿದ ಜಲಾಂತರ್ಗಾಮಿಯಲ್ಲಿ ಮೊದಲು ಸುಧಾರಿಸಬೇಕಾದದ್ದು ಯಾವುದು?

ಪಿವಿಸಿ ಪೈಪಿನಲ್ಲಿ ಸಣ್ಣ ಜಲಾಂತರ್ಗಾಮಿಯೊಂದನ್ನು ಕಟ್ಟಿರುವುದಾಗಿಯೂ, ಅದಕ್ಕೆ ಇನ್ನಷ್ಟು ಬಲವಾದ ಮೋಟಾರು ಮತ್ತು ಕ್ಯಾಮೆರಾ ಕೂರಿಸಿ, ಮುಂದೊಂದು ದಿನ ಒಬ್ಬರು ಕೂರುವಷ್ಟು ದೊಡ್ಡದನ್ನು ಮಾಡುವ ಆಸೆಯಿರುವುದಾಗಿಯೂ ಬರೆದಿದ್ದೀರಿ. ನಮ್ಮ ತೋಟದ ಬಾವಿಯಲ್ಲಿ ನಾನು ಆರು ವರ್ಷಗಳಿಂದ ಇದೇ ಹವ್ಯಾಸ ನಡೆಸುತ್ತಿದ್ದೇನೆ, ಈಗಿರುವುದು ನಾಲ್ಕನೆಯದು. ಮೋಟಾರು, ಕ್ಯಾಮೆರಾ ಎರಡನ್ನೂ ಸದ್ಯಕ್ಕೆ ಬದಿಗಿಟ್ಟು, ಮೊದಲು ಪೈಪಿಗೂ ಆಮೇಲೆ ಅದು ಮೇಲೆ ಬರುವ ವ್ಯವಸ್ಥೆಗೂ ಕೈ ಹಾಕಿ ಎಂಬುದು ನನ್ನ ಸಲಹೆ. (ಬಾವಿಯ ಹಸಿರು ನೀರಿನಲ್ಲಿ ನನ್ನ ಕ್ಯಾಮೆರಾಕ್ಕೆ ಗೇಣುದ್ದದಾಚೆಗೆ ಏನೂ ಕಂಡದ್ದಿಲ್ಲ.)

ಪೈಪಿನ ವಿಷಯದಲ್ಲಿ ನಾನೇ ಮೋಸಹೋದವನು. ಅಂಗಡಿಯಲ್ಲಿ 'ನಾಲ್ಕು ಕೆಜಿ ಪೈಪು' ಎಂದು ಕೊಡುವುದು ಚದರ ಸೆಂಟಿಮೀಟರಿಗೆ 4 ಕೆಜಿ ಒತ್ತಡ ತಡೆಯುವ ಪೈಪನ್ನು. ನೀರಿನಲ್ಲಿ ಪ್ರತಿ 10 ಮೀಟರಿಗೆ ಸುಮಾರು 1 ಕೆಜಿಯಂತೆ ಒತ್ತಡ ಏರುತ್ತದೆ. ಆದ್ದರಿಂದ 40 ಮೀಟರ್ ಆಳದವರೆಗೆ ಭಯವಿಲ್ಲವೆಂದು ಲೆಕ್ಕ ಹಾಕಿದ್ದೆ. ಆದರೆ ಆ ನಾಲ್ಕು ಕೆಜಿ ಒಳಗಿನಿಂದ ಹೊರಕ್ಕೆ ತಳ್ಳುವ ನೀರಿನ ಲೆಕ್ಕ. ಹೊರಗಿನಿಂದ ಒತ್ತಿದಾಗ ಪೈಪು ಸೀಳುವವರೆಗೆ ಕಾಯುವುದಿಲ್ಲ, ಖಾಲಿ ನೀರಿನ ಬಾಟಲಿಯನ್ನು ಹಿಂಡಿದಂತೆ ನಡುವೆ ಚಪ್ಪಟೆಯಾಗಿಬಿಡುತ್ತದೆ. 110 ಮಿಲಿಮೀಟರ್ ವ್ಯಾಸದ, ಎರಡೂವರೆ ಮಿಲಿಮೀಟರ್ ದಪ್ಪದ ಉದ್ದನೆಯ ಪೈಪಿಗೆ ಈ ಮಿತಿ ಲೆಕ್ಕದಲ್ಲಿ ಸುಮಾರು 8 ಮೀಟರ್ ಮಾತ್ರ. ಸಮಾಧಾನದ ಸಂಗತಿಯೆಂದರೆ ಈ ಬಲವು ದಪ್ಪ ಮತ್ತು ವ್ಯಾಸಗಳ ಅನುಪಾತದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ದಪ್ಪ ಇಮ್ಮಡಿಯಾದರೆ ಬಲ ಎಂಟು ಪಟ್ಟಾಗುತ್ತದೆ. ದಪ್ಪ ಪೈಪು ಸಿಗದಿದ್ದರೆ ಒಳಗೆ ಬಳೆ ತೊಡಿಸಿದಂತೆ ಅಲ್ಲಲ್ಲಿ ಗಟ್ಟಿ ಉಂಗುರಗಳನ್ನು ಬಿಗಿಯಾಗಿ ಕೂರಿಸಿದರೂ ಆಗುತ್ತದೆ.

ತುದಿಯ ಮುಚ್ಚಳಗಳ ಮೇಲೂ ಗಮನವಿರಲಿ. ಇದೇ ಪೈಪಿನ ಒಂದೊಂದು ಮುಚ್ಚಳವನ್ನು 10 ಮೀಟರ್ ಆಳದ ನೀರು ಸುಮಾರು 95 ಕೆಜಿ ಭಾರದಿಂದ ಒಳಕ್ಕೆ ಒತ್ತುತ್ತದೆ. ಬಿಚ್ಚಿ ಹಾಕುವ ಕಡೆಯ ಮುಚ್ಚಳಕ್ಕೆ ಎರಡು ಒ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಇರಲಿ, ಅವುಗಳಿಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ನನ್ನ ಮೂರನೆಯ ಜಲಾಂತರ್ಗಾಮಿ ಮುಳುಗಿದ್ದು ಒ-ರಿಂಗಿನ ಅಡ್ಡಕ್ಕೆ ಅಂಟಿದ್ದ ಒಂದೇ ಒಂದು ಕೂದಲೆಳೆಯಿಂದ. ಬಿಂದಿಗೆ ತೆಗೆಯುವ ಪಾತಾಳಗರಡಿಯನ್ನೇ ಇಳಿಬಿಟ್ಟು ಮಧ್ಯಾಹ್ನವೆಲ್ಲ ತಡಕಾಡಿ ಅದನ್ನು ಮೇಲೆತ್ತಬೇಕಾಯಿತು. ಅಲ್ಲಿಂದೀಚೆಗೆ ನೀರಿಗಿಳಿಸುವ ಮುನ್ನ ಒಳಗಿನ ಗಾಳಿಯನ್ನು ಸ್ವಲ್ಪ ಹೀರಿ ತೆಗೆದು, ಮಾಪಕದ ಮುಳ್ಳು ಹದಿನೈದು ನಿಮಿಷ ಅಲುಗಾಡದೆ ನಿಂತರೆ ಮಾತ್ರ ಮುಂದುವರಿಯುತ್ತೇನೆ. ಹಳೆಯ ಸೈಕಲ್ ಪಂಪಿನ ಚರ್ಮದ ವಾಷರನ್ನು ತಿರುವಿ ಹಾಕಿ, ಗಾಳಿ ಹಿಂದಕ್ಕೆ ಹೋಗದಂತೆ ಒಂದು ವಾಲ್ವ್ ಕೊಟ್ಟರೆ ಹೀರುವ ಪಂಪು ಸಿದ್ಧ.

ಇನ್ನು ಏರಿಳಿತ. 70 ಸೆಂಟಿಮೀಟರ್ ಉದ್ದದ ಇದೇ ಪೈಪು ಸುಮಾರು 6.6 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುವುದರಿಂದ, ಒಟ್ಟು ತೂಕವೂ 6.6 ಕೆಜಿಯ ಆಸುಪಾಸಿಗೆ ಬರುವವರೆಗೆ ಸೀಸ ಸೇರಿಸಬೇಕು. ಆ ಸೀಸ ತಳದಲ್ಲಿದ್ದರೆ ಮಾತ್ರ ಅದು ಮಗುಚದೆ ನೆಟ್ಟಗೆ ನಿಲ್ಲುತ್ತದೆ. ತಳ ತೆರೆದ ಗಾಳಿ ತೊಟ್ಟಿ ನಿಮ್ಮಲ್ಲಿದ್ದರೆ ಅದನ್ನು ತೆಗೆದುಬಿಡಿ, ಏಕೆಂದರೆ ಆಳಕ್ಕೆ ಹೋದಂತೆ ಅದರ ಗಾಳಿ ಕುಗ್ಗಿ, ತೇಲುವ ಶಕ್ತಿ ಕಡಿಮೆಯಾಗಿ, ಅದು ಮತ್ತಷ್ಟು ವೇಗವಾಗಿ ಇಳಿಯುತ್ತದೆ. ಬದಲಿಗೆ ದೊಡ್ಡ ಸಿರಿಂಜುಗಳ ಪಿಸ್ಟನ್ನನ್ನು ಥ್ರೆಡ್ ರಾಡು ಮತ್ತು ಗೇರ್ ಮೋಟಾರಿನಿಂದ ಎಳೆಯಿರಿ. ಒಳಗೆ ಬಂದ ನೀರು ಎಷ್ಟೆಂಬುದು ರಾಡಿನ ಸುತ್ತುಗಳಲ್ಲೇ ತಿಳಿಯುತ್ತದೆ. ರಿಮೋಟಿಗೆ 2.4 ಗಿಗಾಹರ್ಟ್ಸ್ ರೇಡಿಯೊ ಬೇಡ, ಆಂಟೆನಾ ಮುಳುಗಿದೊಡನೆ ಸಂಪರ್ಕ ಕಡಿಯುತ್ತದೆ. ನಾನು ನೆಟ್‌ವರ್ಕ್ ಕೇಬಲ್ ಎಳೆದಿದ್ದೇನೆ.

ಮನುಷ್ಯರು ಕೂರುವ ನೌಕೆಯ ಆಸೆಗೆ ನನ್ನ ಉತ್ತರ ಬೇಡ ಎಂದೇ. ನೀರು ಸೋರದಿದ್ದರೂ ಉಸಿರೇ ವಿಷವಾಗುತ್ತದೆ: ಸುಮ್ಮನೆ ಕೂತವರೂ ಗಂಟೆಗೆ 15ರಿಂದ 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ, ಒಂದು ಘನ ಮೀಟರಿನ ಕೋಣೆಯಲ್ಲಿ ಗಂಟೆಯೊಳಗೆ ಅದು ಶೇ. 2ರ ಹತ್ತಿರಕ್ಕೆ ಬರುತ್ತದೆ. ಹೊರಗಿನ ಗಾಳಿಯಲ್ಲಿರುವುದು ಶೇ. 0.04 ಮಾತ್ರ. ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಲೆಂದು ನಮ್ಮ ದೇಶ ರೂಪಿಸಿರುವ 'ಮತ್ಸ್ಯ 6000'ದ ಟೈಟೇನಿಯಂ ಗೋಳ 80 ಮಿಲಿಮೀಟರ್ ದಪ್ಪವಿದೆ. 2023ರ ಜೂನ್ 18ರಂದು ಟೈಟಾನಿಕ್ ಅವಶೇಷದತ್ತ ಇಳಿದು ಐವರೊಂದಿಗೆ ಕುಸಿದ 'ಟೈಟನ್' ನೌಕೆಯ ಕಾರ್ಬನ್ ಫೈಬರ್ ಒಡಲು ಯಾವ ಸಂಸ್ಥೆಯ ಪ್ರಮಾಣಪತ್ರವನ್ನೂ ಪಡೆದಿರಲಿಲ್ಲ.

ಕೊನೆಯದಾಗಿ, ಹೊಟ್ಟೆಯಡಿ ಅರ್ಧ ಕೆಜಿಯ ಕಬ್ಬಿಣದ ತುಂಡನ್ನು ವಿದ್ಯುತ್ಕಾಂತದಿಂದ ಹಿಡಿಸಿಡಿ. ಕರೆಂಟು ಹೋದೊಡನೆ ಕಾಂತ ಕೈಬಿಡುತ್ತದೆ, ಕಬ್ಬಿಣ ಕಳಚುತ್ತದೆ. ಹೋದ ಬೇಸಿಗೆಯಲ್ಲಿ 6 ಮೀಟರ್ ಆಳದಲ್ಲಿ ನನ್ನ ಬ್ಯಾಟರಿ ಸತ್ತಾಗ ಆ ತುಂಡು ತಳ ಸೇರಿತು, ಜಲಾಂತರ್ಗಾಮಿ ತಾನಾಗಿ ಮೇಲೆ ಬಂದು ಬಾವಿಯ ಗೋಡೆಗೆ ತಾಗಿ ತೇಲುತ್ತಿತ್ತು. ಪಾತಾಳಗರಡಿ ಹಾಕಿದ್ದು ಆ ಕಬ್ಬಿಣಕ್ಕೆ ಮಾತ್ರ, ಅದು ಇನ್ನೂ ಸಿಕ್ಕಿಲ್ಲ.