ಪ್ರತಿಕ್ರಿಯೆ: ಫ್ರೆಂಚರ ಭಯ ಮತ್ತು 1799ರ ಮೈಸೂರು ಯುದ್ಧ

ಈಸ್ಟ್ ಇಂಡಿಯಾ ಕಂಪನಿಯವರು 1799ರಲ್ಲಿ ಮೈಸೂರಿನ ಮೇಲೆ ದಂಡೆತ್ತಿ ಬಂದದ್ದು ನಿಜಕ್ಕೂ ಫ್ರೆಂಚರ ಭಯದಿಂದಲೇನು ಎಂದು ಪ್ರಶ್ನಿಸಿದ್ದೀರಿ. ಆ ಭಯ ಪೂರ್ತಿ ಕಟ್ಟುಕಥೆಯಲ್ಲ. ಟಿಪ್ಪು ನೆರವು ಕೋರಿ ಫ್ರೆಂಚರ ವಶದಲ್ಲಿದ್ದ ಮಾರಿಷಸ್ಸಿಗೆ ದೂತರನ್ನು ಕಳುಹಿಸಿದ್ದನು, ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಟಿಪ್ಪುವಿನ ಪರ ಹೋರಾಡುವ ಸ್ವಯಂಸೇವಕರಿಗಾಗಿ ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿದನು (ಗುಟ್ಟಾಗಿರಬೇಕಾದ ಮೈತ್ರಿಗೆ ಡಂಗುರ ಸಾರಿದಂತಾಯಿತು). ಆದರೆ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ ಮಾತ್ರ. ಅದೇ ವರ್ಷದ ಆಗಸ್ಟ್‌ನಲ್ಲಿ ಈಜಿಪ್ಟಿನ ಕರಾವಳಿಯಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ನಾಶಮಾಡಿದ ಸುದ್ದಿ ತಲುಪಿದ ಮೇಲೂ ಗವರ್ನರ್ ಜನರಲ್ ವೆಲ್ಲೆಸ್ಲಿ ಸಿದ್ಧತೆಯನ್ನು ನಿಲ್ಲಿಸದೆ, ಅದೇ ಪ್ರಕಟಣೆಯನ್ನು ಮುಂದಿಟ್ಟುಕೊಂಡು ಇದು ಆತ್ಮರಕ್ಷಣೆಯ ಯುದ್ಧವೆಂದೇ ವಾದಿಸಿದನು. ಉದ್ದೇಶವನ್ನು ಅಳೆಯಲು ನನಗೆ ಇಂಥ ಹೇಳಿಕೆಗಳಿಗಿಂತ ಗೆದ್ದ ಮೇಲಿನ ಹಂಚಿಕೆಯೇ ಹೆಚ್ಚು ನಂಬಲರ್ಹವೆನಿಸುತ್ತದೆ: ಕೆನರಾ ಕರಾವಳಿ, ಕೊಯಮತ್ತೂರು, ವಯನಾಡು ಕಂಪನಿಯ ಪಾಲಾದವು, ಉಳಿದ ರಾಜ್ಯದ ಗದ್ದುಗೆಯಲ್ಲಿ ಒಡೆಯರ ಮನೆತನದ ಬಾಲಕನನ್ನು ಕೂರಿಸಿ, ಕಂಪನಿಯ ಸೈನ್ಯದ ಖರ್ಚಿಗೆಂದು ಆ ರಾಜ್ಯ ವರ್ಷಕ್ಕೆ 7 ಲಕ್ಷ ವರಾಹ (ಚಿನ್ನದ ನಾಣ್ಯ) ಕೊಡಬೇಕೆಂದು ನಿಗದಿಪಡಿಸಿದರು.