ಇಂಪ್ಲಾಂಟ್‌ನ ಡಿಜಿಟಲ್ ಅಳತೆ ಎಲ್ಲಿ ತಪ್ಪುತ್ತದೆ?

ಒಂದು ಇಂಪ್ಲಾಂಟ್‌ಗೆ (ಹಲ್ಲಿನ ಬದಲು ದವಡೆಯ ಮೂಳೆಗೆ ಹಾಕುವ ಕೃತಕ ಬೇರಿಗೆ) ಸರಿಯಾಗಿ ಬರುವ ಬಾಯೊಳಗಿನ ಸ್ಕ್ಯಾನ್ ಇಡೀ ದವಡೆಗೆ ಯಾಕೆ ಕೈಕೊಡುತ್ತದೆ, ಜಾಸ್ತಿ ಬೆಲೆಯ ಸ್ಕ್ಯಾನರ್ ತಂದರೆ ಸರಿಹೋಗುತ್ತದಾ ಎಂದು ಕೇಳಿದ್ದೀರಿ. ನಾನು ದಂತವೈದ್ಯ. ಸ್ಕ್ಯಾನರ್ ಬದಲಿಸುವ ಮೊದಲು ನಿಮ್ಮ ಸ್ಕ್ಯಾನ್ ಬಾಡಿಗಳನ್ನು, ಅಂದರೆ ಸ್ಕ್ಯಾನ್ ಮಾಡಲು ಕೂರಿಸುವ ಗುರುತಿನ ಗೂಟಗಳನ್ನು ನೋಡಿ.

ಒಸಡಿನೊಳಗಿನ ಇಂಪ್ಲಾಂಟ್ ಸ್ಕ್ಯಾನರ್‌ಗೆ ಕಾಣುವುದಿಲ್ಲ, ಅಲ್ವಾ? ಅದರ ಮೇಲೆ ತಿರುಪಿ ಕೂರಿಸಿದ ಸ್ಕ್ಯಾನ್ ಬಾಡಿಯನ್ನು ನೋಡಿಯೇ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಒಮ್ಮೆ ನನ್ನ ಕೈಯಲ್ಲೇ ಒಸಡಿನ ಚೂರೊಂದು ಅದರ ಅಡಿ ಸಿಕ್ಕಿಕೊಂಡಿತ್ತು. ಪರದೆಯಲ್ಲಿ ಸ್ಕ್ಯಾನ್ ಚೆನ್ನಾಗಿಯೇ ಕಂಡಿತು. ಆದರೆ ಇಂಪ್ಲಾಂಟ್ ಇದ್ದದ್ದಕ್ಕಿಂತ ಮೇಲಿದೆ ಎಂದು ಸಾಫ್ಟ್‌ವೇರ್ ನಂಬಿತ್ತು. ಕ್ರೌನ್ (ಮೇಲೆ ಕೂರುವ ಕೃತಕ ಹಲ್ಲು) ಗಿಡ್ಡವಾಗಿ ಬಂತು, ಎದುರಿನ ಹಲ್ಲಿಗೆ ತಾಗಲೇ ಇಲ್ಲ. ಈಗ ಆಳದ ಇಂಪ್ಲಾಂಟ್ ಆದರೆ ಎಕ್ಸ್‌ರೇ ತೆಗೆದು ನೋಡದೆ ಸ್ಕ್ಯಾನ್ ಶುರು ಮಾಡುವುದಿಲ್ಲ. ಸ್ಕ್ಯಾನ್ ಬಾಡಿಯನ್ನು ಅತಿಯಾಗಿ ಬಿಗಿ ಮಾಡಿದರೂ, ಕ್ರಿಮಿ ಕೊಲ್ಲುವ ಬಿಸಿ ಹಬೆಯ ಯಂತ್ರ ಆಟೋಕ್ಲೇವ್‌ಗೆ ಹಾಕಿ ಹಾಕಿ ಸವೆದಿದ್ದರೂ ಇದೇ ಗತಿ. ಪೀಕ್ ಪ್ಲಾಸ್ಟಿಕ್‌ನವುಗಳ ಮೇಲೆ ಸ್ವಲ್ಪ ಜಾಸ್ತಿಯೇ ಕಣ್ಣಿಡಿ.

ಇನ್ನು ಇಡೀ ದವಡೆಯ ವಿಷಯ. ಸ್ಕ್ಯಾನರ್ ಒಮ್ಮೆಗೆ ನೋಡುವುದು ಚಿಕ್ಕ ಜಾಗ. ನೂರಾರು ಚಿತ್ರಗಳನ್ನು ಒಂದಕ್ಕೊಂದು ಹೊಂದಿಸುತ್ತಾ ಹೋಗುತ್ತದೆ. ಗೇಣು ಹಾಕಿ ಉದ್ದದ ಗೋಡೆ ಅಳೆದ ಹಾಗೆ, ಪ್ರತಿ ಸಲದ ಚೂರು ತಪ್ಪು ಕೊನೆಗೆ ದೊಡ್ಡದಾಗುತ್ತದೆ. ಹಲ್ಲಿದ್ದರೆ ಅವುಗಳ ಆಕಾರ ಗುರುತಿಗೆ ಸಿಗುತ್ತದೆ. ಹಲ್ಲಿಲ್ಲದ ದವಡೆಯಲ್ಲಿ ಇರುವುದು ನುಣುಪು ಒಸಡು, ನಡುನಡುವೆ ಒಂದೇ ಥರ ಕಾಣುವ ಗೂಟಗಳು. ಸಾಫ್ಟ್‌ವೇರ್ ದಾರಿ ತಪ್ಪುತ್ತದೆ. ಇಂಪ್ಲಾಂಟ್ ವಾಲಿರುವುದಕ್ಕಿಂತ ಎರಡು ಇಂಪ್ಲಾಂಟ್‌ಗಳ ನಡುವಿನ ದೂರವೇ ನನಗೆ ದೊಡ್ಡ ತಲೆನೋವು.

ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತನೆಯ ಪದರ ಇರುತ್ತದೆ, ಚೂರು ತಪ್ಪಿದರೂ ಹಲ್ಲು ಅಲುಗಿ ಹೊಂದಿಕೊಳ್ಳುತ್ತದೆ. ಮೂಳೆಗೆ ಕಚ್ಚಿಕೊಂಡ ಇಂಪ್ಲಾಂಟ್‌ಗೆ ಆ ಸವಲತ್ತಿಲ್ಲ. ಹಲವು ಇಂಪ್ಲಾಂಟ್‌ಗಳ ಮೇಲೆ ಒಟ್ಟಿಗೆ ಕೂರುವ ಫ್ರೇಮಿನ ಅಳತೆ ತಪ್ಪಿದ್ದು, ಅದನ್ನು ಬಿಗಿದು ಕೂರಿಸಿದರೆ ಮುಂದೆ ಸ್ಕ್ರೂ ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಉಳಿದದ್ದು ಶಿಸ್ತಿನ ಮಾತು. ಎಂಜಲು, ರಕ್ತ ಒರೆಸಿ. ಕುರ್ಚಿಯ ದೀಪವನ್ನು ಬಾಯಿಂದ ಆಚೆ ತಿರುಗಿಸಿ. ಕ್ಯಾಲಿಬ್ರೇಷನ್ (ಸ್ಕ್ಯಾನರ್ ಅಳತೆ ಸರಿಮಾಡುವುದು) ಮರೆಯಬೇಡಿ. ಕಂಪನಿ ಹೇಳಿದ ದಾರಿಯಲ್ಲೇ ಸ್ಕ್ಯಾನ್ ಮಾಡಿ, ಸುಮ್ನೆ ಹಿಂದೆ ಮುಂದೆ ಓಡಾಡಿಸಬೇಡಿ.

ಇಡೀ ದವಡೆಯ ಕೇಸ್‌ಗಳೇ ಜಾಸ್ತಿ ಬರುತ್ತಿದ್ದರೆ, ದುಡ್ಡನ್ನು ಹೊಸ ಸ್ಕ್ಯಾನರ್ ಬದಲು ಫೋಟೋಗ್ರಾಮೆಟ್ರಿಗೆ ಹಾಕಿ. ಅದು ಎಲ್ಲ ಇಂಪ್ಲಾಂಟ್‌ಗಳ ಜಾಗವನ್ನು ಕ್ಯಾಮೆರಾದಿಂದ ಒಟ್ಟಿಗೆ ಹಿಡಿಯುತ್ತದೆ. ಒಸಡಿಗೆ ಮಾತ್ರ ಬೇರೆ ಸ್ಕ್ಯಾನ್ ಬೇಕು. ಫೋಟೋಗ್ರಾಮೆಟ್ರಿ ಆಗದಿದ್ದರೆ ಅಳತೆಗಾಗಿ ಇಂಪ್ಲಾಂಟ್ ಮೇಲೆ ಕೂರಿಸುವ ಕೋಪಿಂಗ್‌ಗಳನ್ನು ಒಂದಕ್ಕೊಂದು ಜೋಡಿಸಿ ಹಳೇ ಓಪನ್ ಟ್ರೇ ಅಳತೆಯನ್ನೇ (ಮೇಲೆ ತೂತಿರುವ ಟ್ರೇಯಲ್ಲಿ ಅಚ್ಚು) ತೆಗೆಯಿರಿ. ನಾನು ಈಗಲೂ ತೆಗೆಯುತ್ತೇನೆ.