ಮನುಷ್ಯನನ್ನು ಇದ್ದ ಹಾಗೆ ಮಾಡಲು ಬಾರದವರೇ ಅಮೂರ್ತ ಶಿಲ್ಪದ ಮೊರೆ ಹೋಗುತ್ತಾರೆಯೇ?

ಅಂಥವರೂ ಇದ್ದಾರೆ, ಅವರ ಮಾತು ಬಿಡಿ. ನಿಮ್ಮ ಅನುಮಾನಕ್ಕೆ ಉತ್ತರ ಕೊಡಲು ಫ್ರಾನ್ಸಿನ ಶಿಲ್ಪಿ ಒಗುಸ್ತ್ ರೊಡಾನ್ ಒಬ್ಬನೇ ಸಾಕು. ಅವನು ಎರಡೂ ಕಡೆಯಿಂದ ಬೈಸಿಕೊಂಡವನು.

1877ರಲ್ಲಿ ಅವನು ‘ಕಂಚಿನ ಯುಗ’ ಎಂಬ ಬೆತ್ತಲೆ ಯುವಕನ ಪ್ರತಿಮೆಯನ್ನು ಪ್ರದರ್ಶಿಸಿದ. ರೂಪದರ್ಶಿಯಾಗಿ ನಿಂತವನು ಬೆಲ್ಜಿಯಂನ ಒಬ್ಬ ಸೈನಿಕ. ಆಳೆತ್ತರದ ಆ ಮೈ ಎಷ್ಟು ಸಹಜವಾಗಿತ್ತೆಂದರೆ, ಇದು ಕೈಯಿಂದ ತಿದ್ದಿದ್ದಲ್ಲ, ಬದುಕಿರುವವನ ಮೈಮೇಲೆ ಅಚ್ಚು ತೆಗೆದದ್ದು ಎಂದು ಆರೋಪ ಬಂತು. ಪಾಪ, ಸೈನಿಕನ ಫೋಟೋಗಳನ್ನು ಸಾಕ್ಷಿಗೆ ಒದಗಿಸಬೇಕಾಯಿತು. ಮುಂದಿನ ದೊಡ್ಡ ಪ್ರತಿಮೆ ಬೈಬಲ್ಲಿನ ಸ್ನಾನಿಕ ಯೋಹಾನನದು. ಅದನ್ನು ಆಳಿಗಿಂತ ಎತ್ತರವಾಗಿಯೇ ಮಾಡಿದ. ಅಷ್ಟು ದೊಡ್ಡ ಮನುಷ್ಯನ ಅಚ್ಚು ಎಲ್ಲಿ ತೆಗೆದೆ ಎಂದು ಯಾರು ಕೇಳುತ್ತಾರೆ?

ಅದೇ ರೊಡಾನ್‌ಗೆ 1891ರಲ್ಲಿ ಪ್ಯಾರಿಸ್ಸಿನ ಲೇಖಕರ ಸಂಘ ಕಾದಂಬರಿಕಾರ ಬಾಲ್ಜಾಕ್‌ನ ಸ್ಮಾರಕದ ಕೆಲಸ ಒಪ್ಪಿಸಿತು. ಬಾಲ್ಜಾಕ್ ಸತ್ತು ಆಗಲೇ ನಲವತ್ತು ವರ್ಷ ದಾಟಿತ್ತು. ರೊಡಾನ್ ಅವನ ಹುಟ್ಟುಸೀಮೆಗೆ ಹೋಗಿ ಅಂಥದೇ ಮುಖಗಳನ್ನು ಹುಡುಕಿದ. ಬಾಲ್ಜಾಕ್‌ನ ದರ್ಜಿಯ ಬಳಿ ಬಾಲ್ಜಾಕ್‌ನದೇ ಅಳತೆಗೆ ಬಟ್ಟೆ ಹೊಲಿಸಿದ. ಹೊಟ್ಟೆ ಮುಂದೆ ಬಂದ ಬೆತ್ತಲೆ ಮೈಯನ್ನು ಮಾಡಿ ನೋಡಿದ. ಕೊನೆಗೆ ನಿಜವಾದ ನಿಲುವಂಗಿಯೊಂದನ್ನು ಪ್ಲಾಸ್ಟರಿನಲ್ಲಿ ಅದ್ದಿ, ಅದರ ಮಡಿಕೆಗಳನ್ನು ನೋಡಿಕೊಂಡು, ಅಷ್ಟೂ ಮೈಯನ್ನು ಅಂಗಿಯೊಳಗೆ ಮುಚ್ಚಿಬಿಟ್ಟ. 1898ರಲ್ಲಿ ಜನ ಕಂಡದ್ದು ಹಿಂದಕ್ಕೆ ವಾಲಿದ ಒಂದು ನಿಲುವಂಗಿ, ಮೇಲೊಂದು ಗುಳಿಗಣ್ಣಿನ ತಲೆ. ಕೈಗಳೇ ಕಾಣುವುದಿಲ್ಲ. ಸಂಘ ಬೇಡವೆಂದಿತು. ರೊಡಾನ್ ಮುಂಗಡ ಹಿಂದಿರುಗಿಸಿ ಪ್ರತಿಮೆಯನ್ನು ಮನೆಗೆ ಒಯ್ದ. ಅದು ಕಂಚಾಗಿ ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದು 1939ರಲ್ಲಿ, ಅವನು ಸತ್ತು 22 ವರ್ಷಗಳಾದ ಮೇಲೆ.

ನಾನು ಜೇಡಿಮಣ್ಣಿನಲ್ಲಿ ಕೆಲಸ ಮಾಡುವವನು. ಮೈಯನ್ನು ಅರಿಯದೆ ಬಟ್ಟೆಯನ್ನಷ್ಟೇ ಮಾಡಿದರೆ ಅದು ಗೂಟಕ್ಕೆ ನೇತುಹಾಕಿದ ಅಂಗಿಯ ಹಾಗೆ ಜೋಲುತ್ತದೆ. ಬಾಲ್ಜಾಕ್‌ನ ಅಂಗಿ ಜೋಲುವುದಿಲ್ಲ; ಒಳಗೆ ಒಬ್ಬ ಭಾರಿ ಆಸಾಮಿ ಇದ್ದಾನೆ.

ಇದ್ದದ್ದನ್ನು ಇದ್ದ ಹಾಗೆ ಮಾಡುವ ಶಿಲ್ಪಿಗಳೂ ಏನನ್ನೂ ಬದಲಿಸದೆ ಬಿಡುವವರಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಶಿಲ್ಪಿ ರಾನ್ ಮ್ಯೂಯೆಕ್ 1996-97ರಲ್ಲಿ ತನ್ನ ತಂದೆಯ ಶವದ ಪ್ರತಿಮೆಯನ್ನು ಸಿಲಿಕಾನ್‌ನಲ್ಲಿ ಮಾಡಿ, ತನ್ನದೇ ಕೂದಲನ್ನು ಅದಕ್ಕೆ ನೆಟ್ಟ. ಚರ್ಮದ ಬಣ್ಣದವರೆಗೆ ಎಲ್ಲವೂ ಯಥಾವತ್ತು. ಆದರೆ ಉದ್ದ ಮಾತ್ರ ಸುಮಾರು ಒಂದು ಮೀಟರ್. ಕರುಳು ಚುರುಕ್ಕೆನ್ನಿಸುವುದು ಆ ಕೂದಲಿನಿಂದಲ್ಲ, ಕುಗ್ಗಿದ ಅಳತೆಯಿಂದ ಎಂದೇ ನನ್ನ ಲೆಕ್ಕ.

ನಮ್ಮ ದೇಶದಲ್ಲೇ ನೋಡಬೇಕೆಂದರೆ ಪಶ್ಚಿಮ ಬಂಗಾಳದ ಶಾಂತಿನಿಕೇತನಕ್ಕೆ ಹೋಗಿ. ಶಿಲ್ಪಿ ರಾಮಕಿಂಕರ್ ಬೈಜ್ 1938ರಲ್ಲಿ ಸಿಮೆಂಟು, ಜಂಬಿಟ್ಟಿಗೆ ಕಲ್ಲಿನ ಚೂರು ಕಲಸಿ ಮಾಡಿದ ‘ಸಂಥಾಲ್ ಕುಟುಂಬ’ ಅಲ್ಲಿದೆ: ಸಂಥಾಲ್ ಬುಡಕಟ್ಟಿನ ಗಂಡ, ಹೆಂಡತಿ, ಕಾವಡಿಯ ಬುಟ್ಟಿಯಲ್ಲೊಂದು ಮಗು, ಜೊತೆಗೆ ನಾಯಿ. ತೀರಾ ಹತ್ತಿರ ನಿಂತರೆ ಒರಟು ಕಲ್ಲೇ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ಹೊರೆ ಹೊತ್ತ ಆ ಹೆಗಲನ್ನು ನೋಡಿ.